ನಮ್ಮನೆ ನೆಲ ಯಾಕೆ ಸಮ ಇಲ್ಲ?

ಭಾಗ 1

ಮೊದಲನೇ ಫೋಟೋ ನೋಡಿ. ಏನೂ ವಿಶೇಷ ಇಲ್ಲ, ನಮ್ಮನೆ ಹಾಲಿಂದ ಅಜ್ಜಿ ಕೋಣೆಗೆ ಹೋಗೋ ಬಾಗಿಲು. ಆದರೆ ಬಾಗಿಲ ಆಚೆ ಇರೋ ನೆಲ ಈಚೆಗಿಂತ ಒಂದೂವರೆ ಇಂಚು ಎತ್ತರ. ಜೂನ್‌ನಲ್ಲಿ ಅಜ್ಜಿ ಎಡವಿ ಬಿದ್ದಿದ್ದು ಇಲ್ಲೇ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ರು. "ಸೊಂಟಕ್ಕೆ ಏನೂ ಆಗಿಲ್ವಲ್ಲ, ಪುಣ್ಯ" ಅಂದ್ರು ಡಾಕ್ಟ್ರು.

ಆಸ್ಪತ್ರೆಯಿಂದ ಬಂದ ದಿನವೇ ಅಪ್ಪ ತೀರ್ಮಾನ ಮಾಡಿದ್ರು: ಈ ಸಿಮೆಂಟ್ ನೆಲ ಇನ್ನು ಬೇಡ, ಮರದ ನೆಲ ಹಾಕ್ಸೋಣ. ಬೆಂಗಳೂರಲ್ಲಿ ಅತ್ತೆ ಮನೆ ಫ್ಲಾಟಲ್ಲಿ ಹಾಗೇ ಇದೆ, ನೀಟಾಗಿ, ಒಂದೇ ಮಟ್ಟಕ್ಕೆ, ಕಾಲಿಗೆ ತಣ್ಣಗೂ ಆಗಲ್ಲ.

ಅಜ್ಜಿ ಕೇಳಿದ್ದು ಒಂದೇ ಮಾತು. "ನೆಲಕ್ಕೆ ಮರ ಹಾಕ್ತಾರನಾ? ವರಲೆಗೆ ಊಟ ಹಾಕಕ್ಕಾ?"

(ಬಯಲುಸೀಮೆ ಫ್ರೆಂಡ್ಸ್‌ಗೆ: ವರಲೆ ಅಂದ್ರೆ ಗೆದ್ದಲು.)

ನಾನು ನಕ್ಕೆ. ಆಮೇಲೆ ನೆಲದ ಮೇಲೊಂದು ಗೋಲಿ ಇಟ್ಟೆ. ಅದು ತಾನಾಗೇ ಹೊರಟು ಹಾಲು ದಾಟಿ ಅಡುಗೆಮನೆ ಕಡೆ ಹೋಯ್ತು. ಇನ್ನೊಂದು ಕಡೆ ಇಟ್ಟೆ, ಅದು ಗೋಡೆ ಮೂಲೆಗೆ ಹೋಗಿ ನಿಂತಿತು. ಲೆವೆಲ್ ಪೈಪಿಗೆ ನೀರು ತುಂಬಿಸಿ ಅಳೆದ್ರೆ ಒಂದೇ ಮನೇಲಿ ಮೂರು ಬೇರೆ ಬೇರೆ ಮಟ್ಟ! ಒಬ್ಬ ಮೇಸ್ತ್ರಿ ಇಷ್ಟು ಕೆಟ್ಟ ಕೆಲಸ ಮಾಡಕ್ಕೆ ಸಾಧ್ಯನಾ ಅನ್ನಿಸ್ತು. ಅಲ್ಲಿಂದ ಶುರುವಾಗಿದ್ದು ಈ ಹುಡುಕಾಟ. ಮೇಸ್ತ್ರಿದು ಏನೂ ತಪ್ಪಿರಲಿಲ್ಲ ಅಂತ ಈಗ ಗೊತ್ತಾಗಿದೆ. ಅಜ್ಜಿ ಮಾತೂ ಮುಕ್ಕಾಲು ಪಾಲು ಸರಿ ಇತ್ತು.

ಭಾಗ 2

ಮೊದಲು ಮರದ ವಿಷಯ. ಮಲೆನಾಡಲ್ಲಿ ಮರಕ್ಕೇನು ಬರ, ಆದ್ರೂ ನಮ್ಮ ಹಿರಿಯರು ನೆಲಕ್ಕೆ ಯಾಕೆ ಮರ ಹಾಸಲಿಲ್ಲ?

ಹಾಸಿದ್ರು. ಆದರೆ ಮೇಲೆ. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆಗೆ ಕಾಲೇಜ್ ಟ್ರಿಪ್‌ನಲ್ಲಿ ಹೋಗಿದ್ವಲ್ಲ, ಅಲ್ಲಿ ಮರದ ಕಂಬ ನೋಡಿ ಎಲ್ಲರೂ ಸೆಲ್ಫಿ ತಗೊಂಡಿದ್ವಿ. ಹಳೇ ಮಲೆನಾಡಿನ ಮನೆಯಲ್ಲಿ ಕಂಬ, ತೊಲೆ, ಜಂತಿ, ಅದರ ಮೇಲೆ ಹಲಗೆ. ಆ ಹಲಗೆಯೇ ಕೆಳಗಿನವರಿಗೆ ಮುಚ್ಚಿಗೆ, ಮೇಲಿನವರಿಗೆ ನೆಲ. ಅಟ್ಟ, ಉಪ್ಪರಿಗೆ, ಮೆತ್ತು ಅಂತ ಒಂದೊಂದು ಕಡೆ ಒಂದೊಂದು ಹೆಸರು. ಒಣಗಿದ ಅಡಿಕೆ, ಭತ್ತ, ಹಳೇ ಪಾತ್ರೆ, ಬೇಡದ ಸಾಮಾನು ಎಲ್ಲಾ ಅಲ್ಲಿಗೆ. ಅಡುಗೆಮನೆ ಒಲೆಯ ಹೊಗೆ ಮೇಲೇರಿ ಆ ಹಲಗೆಗೆ ತಾಗ್ತಾ ಇತ್ತು, ಹುಳ ಹತ್ತಿರ ಸುಳೀತಾ ಇರಲಿಲ್ಲ. ಕೆಳಗಿಂದಲೂ ಗಾಳಿ, ಮೇಲಿಂದಲೂ ಗಾಳಿ, ಮಳೆಗಾಲದಲ್ಲಿ ತೇವ ಹೀರಿದ ಮರ ಬೇಸಿಗೆಯಲ್ಲಿ ಅದನ್ನ ಬಿಟ್ಟುಬಿಡ್ತಾ ಇತ್ತು.

ಮರಕ್ಕೆ ಇದೊಂದು ಗುಣ. ಕಡಿದು ನೂರು ವರ್ಷ ಆದ್ರೂ ಗಾಳಿಯ ತೇವ ಹೀರುತ್ತೆ, ಬಿಡುತ್ತೆ. ಹೀರಿದಾಗ ಉಬ್ಬುತ್ತೆ, ಬಿಟ್ಟಾಗ ಕುಗ್ಗುತ್ತೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ, ಅಗಲಕ್ಕೆ ಆಗುತ್ತೆ. ಅದಕ್ಕೇ ಜುಲೈನಲ್ಲಿ ಹಾಕಲು ಬರದ ಬಾಗಿಲು ಜನವರಿಯಲ್ಲಿ ಸಲೀಸಾಗಿ ಹಾಕಕ್ಕೆ ಬರೋದು. ಹಲಗೆಯ ಎರಡೂ ಮುಖ ಒಂದೇ ಸಮ ಒಣಗಿದ್ರೆ ತೊಂದರೆ ಇಲ್ಲ. ಒಂದು ಮುಖ ಒದ್ದೆ ನೆಲಕ್ಕೆ ಅಂಟಿಕೊಂಡು ಇನ್ನೊಂದು ಮುಖ ಒಣಗಿದ್ರೆ ಹಲಗೆ ದೋಣಿ ಥರ ಬಾಗುತ್ತೆ. ವರಲೆ ಬರೋದು ಆಮೇಲಿನ ಮಾತು.

ಅಂದ್ರೆ ಅಜ್ಜಿಗೆ ಮರದ ನೆಲ ಗೊತ್ತಿತ್ತು. ಮಣ್ಣಿಗೆ ತಾಗೋ ಮರದ ನೆಲ ಗೊತ್ತಿರಲಿಲ್ಲ.

ಭಾಗ 3

ಎರಡನೇ ಫೋಟೋ ನಮ್ಮ ಅಟ್ಟದ್ದು. ಅಗಲದ ಹಲಗೆಗಳು, ಹೊಗೆ ಹಿಡಿದು ಕಪ್ಪಾಗಿವೆ. ಈ ಮನೆ ಕಟ್ಟಿದ್ದು 1965ರಲ್ಲಿ, ಆದರೆ ಹಲಗೆಗಳು ಮನೆಗಿಂತ ತುಂಬಾ ಹಳೇವು.

ಸಿಗಂದೂರಿಗೆ ಹೋದಾಗ ಲಾಂಚಲ್ಲಿ ನಿಂತು ರೀಲ್ ಮಾಡಿದ್ವಲ್ಲ, ಹಿಂದೆ ಎಲ್ಲಾ ನೀರು. ಆ ನೀರಿನ ಅಡಿಯಲ್ಲಿ ಊರುಗಳಿದ್ವು. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್, ಬಹಳ ಕಾಲ ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿದ್ದು ಅದೇ. ಪಿ.ಯು.ನಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ. ಅಜ್ಜಿ ಆಗ ಹತ್ತೊಂಬತ್ತು ವರ್ಷದ ಸೊಸೆ. ಮದುವೆಯಾಗಿ ಬಂದು ಎರಡು ವರ್ಷಕ್ಕೆ ಮನೆ ಮುಳುಗಡೆ ಪಟ್ಟಿಗೆ ಸೇರಿತು.

ನೀರು ಬರೋ ಮುಂಚೆ ಅಜ್ಜನ ಮನೆಯವರು ಮನೆ ಬಿಚ್ಚಿದ್ರು. ಕೆಡವಿದ್ದಲ್ಲ, ಬಿಚ್ಚಿದ್ದು. ಹಂಚು ಇಳಿಸಿ, ಪಕಾಸಿ ಬಿಡಿಸಿ, ತೊಲೆ, ಬಾಗಿಲು, ಅಟ್ಟದ ಹಲಗೆ ಒಂದೊಂದಾಗಿ ತೆಗೆದು, ಗಾಡಿಗೆ, ಆಮೇಲೆ ಲಾರಿಗೆ ಹೇರಿ, ಇಲ್ಲಿಗೆ, ಶಿವಮೊಗ್ಗದ ಕಡೆಗೆ ತಂದ್ರು. ದನ ಬಂತು, ದೇವರ ಪೀಠ ಬಂತು, ಒನಕೆ ಕೂಡ ಬಂತು.

"ನೆಲ ಒಂದು ತರಕ್ಕಾಗಲಿಲ್ಲ ಮಗಾ" ಅಂದ್ರು ಅಜ್ಜಿ. ಹೊರಡೋ ದಿನ ಬೆಳಿಗ್ಗೆ ಅತ್ತೆ, ಅಂದ್ರೆ ನನ್ನ ಮುತ್ತಜ್ಜಿ, ಮಾಡೇ ಇಲ್ಲದ ಆ ಮನೆ ನೆಲವನ್ನ ಪೂರ್ತಿ ಸಗಣಿ ಹಾಕಿ ಸಾರಿಸಿದ್ರಂತೆ. ಯಾಕೆ ಅಂತ ಯಾರೂ ಕೇಳಲಿಲ್ಲವಂತೆ.

ಕಾನೂನಿನಲ್ಲಿ ಸ್ಥಿರಾಸ್ತಿ, ಚರಾಸ್ತಿ ಅಂತ ಓದ್ತೀವಿ. ಕಟ್ಟಡ ಸ್ಥಿರ, ಪೀಠೋಪಕರಣ ಚರ. ನಮ್ಮನೆ ಲೆಕ್ಕದಲ್ಲಿ ತೊಲೆ, ಹಲಗೆ, ಬಾಗಿಲು ಎಲ್ಲಾ ಚರ. ಸ್ಥಿರ ಅಂತ ಇದ್ದಿದ್ದು ನೆಲ ಮಾತ್ರ, ಅದು ಮುಳುಗಿತು.

ಭಾಗ 4

ಹೊಸ ಜಾಗದಲ್ಲಿ ಮೊದಲ ಹದಿಮೂರು ವರ್ಷ ಮಣ್ಣಿನ ನೆಲ. ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಮಣೆಯಲ್ಲಿ ಬಡಿದು ಗಟ್ಟಿ ಮಾಡೋದು. ಆಮೇಲೆ ಅಡಿಕೆ ಹಾಳೆ ತುಂಡಿನಿಂದ ಸಗಣಿ ಸಾರಿಸೋದು. ಕರ್ರಗೆ ಹೊಳೀಬೇಕು ಅಂತ ಇದ್ದಿಲ ಪುಡಿ ಹಾಕ್ತಿದ್ರು. ಟಾರ್ಚ್ ಬಂದ ಮೇಲೆ ಖಾಲಿಯಾದ ಸೆಲ್ ಒಡೆದು ಅದರೊಳಗಿನ ಕರೀ ಪುಡಿ ಬೆರೆಸ್ತಿದ್ರು. (ನೀವ್ಯಾರೂ ಟ್ರೈ ಮಾಡಬೇಡಿ, ಅದರಲ್ಲಿರೋ ರಾಸಾಯನಿಕ ಒಳ್ಳೇದಲ್ಲ.)

ಈ ನೆಲ ಯಾವತ್ತೂ ಸಮ ಇರಲಿಲ್ಲ. ಆದರೆ ಅದನ್ನ ಯಾರೂ ತೊಂದರೆ ಅಂತ ಅಂದುಕೊಂಡಿರಲಿಲ್ಲ, ಯಾಕಂದ್ರೆ ತಗ್ಗು ಬಿದ್ದ ಕಡೆ ಒಂದು ಬೊಗಸೆ ಮಣ್ಣು ಹಾಕಿ ಸಾರಿಸಿದ್ರೆ ಮುಗೀತು. ರಿಪೇರಿ ಖರ್ಚು ಸೊನ್ನೆ. ಖರ್ಚಾಗ್ತಿದ್ದದ್ದು ಹೆಂಗಸರ ಮೊಣಕಾಲು, ಅದನ್ನ ಯಾವ ಲೆಕ್ಕದ ಪುಸ್ತಕದಲ್ಲೂ ಯಾರೂ ಬರೆದಿಲ್ಲ. ನೆಲ ಸಾರಿಸಿ ಸಾರಿಸಿ ಸಾಕಾಗಿ ಸಿಮೆಂಟ್ ಬೇಕು ಅಂತ ಹಟ ಹಿಡಿದಿದ್ದು ಅಜ್ಜಿಯೇ. ಈ ಮನೆಗೆ ಆಧುನಿಕತೆ ತಂದಿದ್ದು ಯಾರು ಅಂತ ಕೇಳಿದ್ರೆ ನಾನಂತೂ ಅವರ ಹೆಸರೇ ಹೇಳ್ತೀನಿ.

ಸಿಮೆಂಟ್ ಕಥೆ ಸ್ವಲ್ಪ ಹಿಂದಿಂದ. ಇಂಗ್ಲೆಂಡಿನ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಅನ್ನೋ ಗಾರೆ ಕೆಲಸದವನು 1824ರಲ್ಲಿ 'ಪೋರ್ಟ್‌ಲ್ಯಾಂಡ್ ಸಿಮೆಂಟ್' ಅಂತ ಪೇಟೆಂಟ್ ತಗೊಂಡ. ಗಟ್ಟಿಯಾದ ಮೇಲೆ ಪೋರ್ಟ್‌ಲ್ಯಾಂಡ್ ಅನ್ನೋ ಜಾಗದ ಕಲ್ಲಿನ ಥರ ಕಾಣುತ್ತೆ ಅಂತ ಆ ಹೆಸರು. ನಮ್ಮ ದೇಶದಲ್ಲಿ ಇದರ ತಯಾರಿಕೆ ಗಟ್ಟಿಯಾಗಿ ನಿಂತಿದ್ದು 1914ರಲ್ಲಿ, ಗುಜರಾತಿನ ಪೋರಬಂದರ್‌ನಲ್ಲಿ.

ಇನ್ನು ನಮ್ಮ ಪಕ್ಕದ ಭದ್ರಾವತಿ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡ್ತು, ವಿಶ್ವೇಶ್ವರಯ್ಯನವರ ಹೆಸರು ಅದಕ್ಕೆ ಅಂಟಿಕೊಂಡಿರೋದು ಎಲ್ಲರಿಗೂ ಗೊತ್ತು. ಅದರ ಮೊದಲ ಹೆಸರಲ್ಲೇ 'ವುಡ್ ಡಿಸ್ಟಿಲೇಷನ್' ಅನ್ನೋ ಪದ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಕಲ್ಲಿದ್ದಲು ಹತ್ತಿರ ಎಲ್ಲೂ ಇರಲಿಲ್ಲ, ಅದಕ್ಕೆ ಮಲೆನಾಡಿನ ಕಾಡಿನ ಮರವನ್ನ ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸ್ತಿದ್ರು. ಮುಂದೆ ಅದೇ ಕಾರ್ಖಾನೆಯಲ್ಲಿ ಸಿಮೆಂಟ್ ಕೂಡ ತಯಾರಾಯ್ತು. ನಮ್ಮ ಕಾಡಿನ ಮರ ನೆಲಕ್ಕೆ ಹಲಗೆಯಾಗಿ ಬರಲಿಲ್ಲ, ಒಲೆಗೆ ಹೋಯ್ತು, ಆ ಒಲೆಯ ಪಕ್ಕದಿಂದ ಸಿಮೆಂಟ್ ಬಂತು.

ಭಾಗ 5

ಈ ಭಾಗ ಉದ್ದ ಇದೆ, ಸ್ಕಿಪ್ ಮಾಡಬೇಡಿ ಮಾರಾಯ್ರೆ, ಉತ್ತರ ಇರೋದೇ ಇಲ್ಲಿ.

ಮೂರನೇ ಫೋಟೋ ಅಜ್ಜನ ಲೆಕ್ಕದ ಪುಸ್ತಕ. 1978ರ ಪುಟದಲ್ಲಿ ಅವರ ಕೈಬರಹ: "ಸಿಮೆಂಟು 6 ಚೀಲ. ಪರ್ಮಿಟ್." ಅದರ ಕೆಳಗೆ ತಾಲೂಕು ಕೇಂದ್ರಕ್ಕೆ ಹೋಗಿ ಬಂದ ಬಸ್ ಚಾರ್ಜು. ಬಸ್ ಚಾರ್ಜು ಒಂದಲ್ಲ, ಐದು ಸಲ ಇದೆ. ಆರು ಚೀಲಕ್ಕೆ ಐದು ಓಡಾಟ.

ಇವತ್ತು ಸಿಮೆಂಟ್ ಬೇಕು ಅಂದ್ರೆ ಫೋನ್ ಮಾಡಿದ್ರೆ ಆಟೋದಲ್ಲಿ ಬರುತ್ತೆ. ಆಗ ಹಾಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಿಂದ ಶುರುವಾಗಿ, ನಡುವೆ ಸ್ವಲ್ಪ ಕಾಲ ಬಿಟ್ಟರೆ, 1982ರವರೆಗೆ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹತೋಟಿಯಲ್ಲಿತ್ತು. ಕಾರ್ಖಾನೆ ತನಗೆ ಬೇಕಾದ ಬೆಲೆಗೆ ಮಾರೋ ಹಾಗಿಲ್ಲ, ಜನ ತಮಗೆ ಬೇಕಾದಷ್ಟು ಕೊಳ್ಳೋ ಹಾಗಿಲ್ಲ. ಅಣೆಕಟ್ಟು, ಸೇತುವೆ, ಸರ್ಕಾರಿ ಕಟ್ಟಡಕ್ಕೆ ಮೊದಲ ಪಾಲು. ಮನೆ ಕಟ್ಟೋರು ಅರ್ಜಿ ಹಾಕಿ, ಕಾದು, ಸಿಕ್ಕಿದಷ್ಟು ತರಬೇಕು. ನಮ್ಮ ಎಕನಾಮಿಕ್ಸ್ ಪುಸ್ತಕದಲ್ಲಿ ಬೆಲೆಗೆ ಮಿತಿ ಹಾಕಿದ್ರೆ ಕೊರತೆ ಹುಟ್ಟುತ್ತೆ ಅಂತ ಒಂದು ಗೆರೆ ಎಳೆದು ತೋರಿಸ್ತಾರಲ್ಲ, ಆ ಗೆರೆಯೇ ನಮ್ಮನೆ ಹಾಲಿನ ನೆಲ. ಲಾಭ ಕಮ್ಮಿ ಅಂತ ಹೊಸ ಕಾರ್ಖಾನೆ ಬರಲಿಲ್ಲ, ಕಾರ್ಖಾನೆ ಬರದೆ ಸಿಮೆಂಟ್ ಸಾಲಲಿಲ್ಲ, ಸಾಲದ್ದಕ್ಕೆ ಕಾಳಸಂತೆ.

ಇದು ಎಷ್ಟು ದೊಡ್ಡ ವಿಷಯ ಆಗಿತ್ತು ಅಂದ್ರೆ, ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ಅವರ ಕುರ್ಚಿಯೇ ಹೋಯ್ತು. ಟ್ರಸ್ಟ್‌ಗೆ ದೇಣಿಗೆ ಕೊಟ್ಟ ಬಿಲ್ಡರ್‌ಗಳಿಗೆ ಸಿಮೆಂಟ್ ಹಂಚಿಕೆಯಲ್ಲಿ ಅನುಕೂಲ ಮಾಡಿಕೊಟ್ರು ಅನ್ನೋ ಆರೋಪ ಬಾಂಬೆ ಹೈಕೋರ್ಟ್‌ಗೆ ಹೋಗಿ, ತೀರ್ಪು ಅವರ ವಿರುದ್ಧ ಬಂದ ಮೇಲೆ 1982ರ ಜನವರಿಯಲ್ಲಿ ರಾಜೀನಾಮೆ ಕೊಟ್ರು. ಚಿನ್ನಕ್ಕಲ್ಲ, ಭೂಮಿಗಲ್ಲ, ಸಿಮೆಂಟಿಗೆ!

ಮುಂದಿನ ತಿಂಗಳೇ, 1982ರ ಫೆಬ್ರವರಿ ಕೊನೆಯಲ್ಲಿ, ಕೇಂದ್ರ ಸರ್ಕಾರ ಅರ್ಧ ಬಾಗಿಲು ತೆರೆಯಿತು. ಹಳೇ ಕಾರ್ಖಾನೆಗಳು ತಮ್ಮ ಸಾಮರ್ಥ್ಯದ ಶೇ. 66.6ರಷ್ಟನ್ನ ಸರ್ಕಾರಿ ದರಕ್ಕೆ ಕೊಡಬೇಕು, ಇದಕ್ಕೆ 'ಲೆವಿ ಸಿಮೆಂಟ್' ಅಂತ ಹೆಸರು. ಉಳಿದದ್ದನ್ನ ಮಾರುಕಟ್ಟೆ ಬೆಲೆಗೆ ಮಾರಬಹುದು. ಹೊಸ ಕಾರ್ಖಾನೆಗಳಿಗೆ ಲೆವಿ ಶೇ. 50. ಆಮೇಲೆ ವರ್ಷ ವರ್ಷ ಇಳಿಸ್ತಾ ಬಂದು, 1989ರ ಮಾರ್ಚ್ 1ರಂದು ನಿಯಂತ್ರಣ ಪೂರ್ತಿ ತೆಗೆದ್ರು.

ಈಗ ನಮ್ಮನೆಗೆ ಬನ್ನಿ.

ಹಾಲು, 1978. ಆರು ಚೀಲದಲ್ಲಿ ಇಡೀ ಹಾಲು ಆಗಬೇಕು. ಅಡಿಗೆ ಜಲ್ಲಿ ಕಾಂಕ್ರೀಟ್ ಹಾಕೋ ಮಾತೇ ಇಲ್ಲ. ಜಂಬಿಟ್ಟಿಗೆ ಚೂರು ತುಂಬಿ, ಸುಣ್ಣ ಮರಳು ಹಾಕಿ ಬಡಿದು, ಮೇಲೆ ತೆಳ್ಳಗೆ ಸಿಮೆಂಟು, ಅದರ ಮೇಲೆ ರೆಡ್ ಆಕ್ಸೈಡ್ ತೀಡಿ ಹೊಳಪು ಬರಿಸಿದ್ದು. ಆಗಿನ ಸಿಮೆಂಟ್ ಬರ್ತಿದ್ದದ್ದು ಸೆಣಬಿನ ಗೋಣಿಚೀಲದಲ್ಲಿ. ಚೀಲ ಒದರಿ ಒದರಿ ಕೊನೇ ಹಿಡಿ ಪುಡಿಯನ್ನೂ ಬಳಸಿದ್ರಂತೆ, ಆಮೇಲೆ ಚೀಲ ತೊಳೆದು ಕಾಲೊರೆಸೋಕೆ ಹಾಕಿದ್ರಂತೆ. ಅಡಿಯ ಮಣ್ಣು ಕ್ರಮೇಣ ಕುಸಿದಿದೆ. ಪ್ರತಿ ವರ್ಷ ಅಡಿಕೆ ಮೂಟೆ ಒಟ್ಟುತ್ತಿದ್ದ ಮೂಲೆಯಲ್ಲಿ ಜಾಸ್ತಿ ಕುಸಿದಿದೆ. ಗೋಲಿ ಹೋಗಿ ನಿಂತಿದ್ದು ಆ ಮೂಲೆಯಲ್ಲೇ.

ಅಡುಗೆಮನೆ, 1984. ಇಲ್ಲಿ ಓರೆ ಇರೋದು ತಪ್ಪಿನಿಂದಲ್ಲ, ಬೇಕು ಅಂತಲೇ. ನೆಲ ತೊಳೆದ ನೀರು ಬಚ್ಚಲ ಕಡೆ ತಾನಾಗೇ ಹರೀಬೇಕು ಅಂತ ಮೇಸ್ತ್ರಿ ಕೊಟ್ಟ ವಾಟ. ಇದನ್ನೂ ಸೇರಿಸಿ 'ಕೆಟ್ಟ ಕೆಲಸ' ಅಂತ ಅಂದುಕೊಂಡಿದ್ದೆ ನಾನು.

ಅಜ್ಜಿ ಕೋಣೆ, 1991. ಸಿಮೆಂಟ್ ಅಂಗಡಿಯಲ್ಲಿ ಸಲೀಸಾಗಿ ಸಿಗೋ ಕಾಲ. ಪುಸ್ತಕದಲ್ಲಿ ಪರ್ಮಿಟ್ ಅನ್ನೋ ಪದ ಇಲ್ಲ, ಬಸ್ ಚಾರ್ಜೂ ಇಲ್ಲ. ಮೊದಲ ಸಲ ಸರಿಯಾಗಿ ಜಲ್ಲಿ ಕಾಂಕ್ರೀಟ್ ಹಾಕಿದ್ರು, ದಪ್ಪ ಬಂತು, ನೆಲ ಹಾಲಿಗಿಂತ ಮೇಲೆ ನಿಂತಿತು. ಹಾಲನ್ನೂ ಮುಂದಿನ ವರ್ಷ ಒಡೆದು ಇದೇ ಮಟ್ಟಕ್ಕೆ ತರೋಣ ಅಂತ ಅಜ್ಜ ಹೇಳಿದ್ರಂತೆ. ಆ ವರ್ಷ ಅಪ್ಪನ ಓದು ಬಂತು, ಅದರ ಮುಂದಿನ ವರ್ಷ ಅತ್ತೆ ಮದುವೆ.

ಅಜ್ಜಿ ಎಡವಿದ್ದು ಆ ಒಂದೂವರೆ ಇಂಚಿಗೆ.

ಭಾಗ 6

ಇನ್ನು ಅಪ್ಪನ ಮರದ ನೆಲ. ಯೂಟ್ಯೂಬಲ್ಲಿ 'ಏರುಪೇರಾದ ಕಾಂಕ್ರೀಟ್ ಮೇಲೆ ಮರದ ನೆಲ' ಅಂತ ಹುಡುಕಿದ್ರೆ ಸಿಗೋದು ಬಹಳಷ್ಟು ಇಂಗ್ಲೆಂಡಿನ ವಿಡಿಯೋಗಳು. ಅಷ್ಟು ಮರ ಬಳಸೋ ದೇಶದಲ್ಲಿ ಕಾಂಕ್ರೀಟ್ ನೆಲ ಎಲ್ಲಿಂದ ಬಂತು? ನೋಡಿದ್ರೆ ಅಲ್ಲೂ ಕಂಟ್ರೋಲ್ ಕಥೆ. ಅವರ ಹಳೇ ಮನೆಗಳಲ್ಲಿ ಕೆಳಗಿನ ನೆಲವೂ ಹಲಗೆಯದೇ, ಆದರೆ ಮಣ್ಣಿಗೆ ತಾಗಲ್ಲ. ಜಂತಿ ಮೇಲೆ ತೇಲಿಸಿ, ಕೆಳಗೆ ಖಾಲಿ ಜಾಗ ಬಿಟ್ಟು, ಹೊರಗೋಡೆಯಲ್ಲಿ ತೂತಿನ ಇಟ್ಟಿಗೆ ಇಟ್ಟು ಗಾಳಿ ಆಡಿಸ್ತಿದ್ರು. ನಮ್ಮ ಅಟ್ಟವನ್ನೇ ಕೆಳಗೆ ತಂದ ಹಾಗೆ. 1939ರಲ್ಲಿ ಯುದ್ಧ ಶುರುವಾಯ್ತು, ಹೊರದೇಶದಿಂದ ಹಡಗಲ್ಲಿ ಬರೋ ಮರ ಕಮ್ಮಿಯಾಯ್ತು, ಸರ್ಕಾರ ಮರಕ್ಕೆ ಲೈಸೆನ್ಸ್ ಇಟ್ಟಿತು. ಯುದ್ಧ ಮುಗಿದ ಮೇಲೂ ಕೆಲವು ವರ್ಷ ಅದು ಮುಂದುವರೀತು. ಲಕ್ಷಗಟ್ಟಲೆ ಹೊಸ ಮನೆ ಕಟ್ಟಬೇಕಾಗಿದ್ದ ಆ ಕಾಲದಲ್ಲಿ ಮರ ಉಳಿಸೋಕೆ ಕೆಳಗಿನ ನೆಲಕ್ಕೆ ಕಾಂಕ್ರೀಟ್ ಹಾಕಿದ್ರು. ಅವರಿಗೆ ಮರದ ಪರ್ಮಿಟ್, ನಮಗೆ ಸಿಮೆಂಟಿನ ಪರ್ಮಿಟ್.

ಈಗ ಅಂಗಡಿಯಲ್ಲಿ 'ವುಡನ್ ಫ್ಲೋರಿಂಗ್' ಅಂತ ತೋರಿಸೋದರಲ್ಲಿ ಬಹುಪಾಲು ಹಲಗೆ ಅಲ್ಲ, ಲ್ಯಾಮಿನೇಟ್. ಸ್ವೀಡನ್ನಿನ ಪರ್ಸ್ಟಾರ್ಪ್ ಕಂಪನಿ 1977ರಲ್ಲಿ ಕಂಡುಹಿಡಿದಿದ್ದು. ಮರದ ನಾರನ್ನ ಒತ್ತಿ ಮಾಡಿದ ಬೋರ್ಡು, ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದರ ಮೇಲೆ ಗಟ್ಟಿ ಪಾರದರ್ಶಕ ಪದರ. ಅಂದ್ರೆ ನೀವು ನಡೆಯೋದು ಮರದ ಫೋಟೋ ಮೇಲೆ. ಅದರ ಫೋಟೋ ತೆಗೆದು ನಾವು ಇಲ್ಲಿ ಹಾಕ್ತೀವಿ. 1990ರ ದಶಕದಲ್ಲಿ ಅಂಟಿಲ್ಲದೆ ಒಂದಕ್ಕೊಂದು ಕ್ಲಿಕ್ ಅಂತ ಸೇರೋ ಅಂಚು ಬಂತು. ಮೊಳೆ ಇಲ್ಲ, ಕೆಳಗಿನ ನೆಲಕ್ಕೆ ಅಂಟಿಸೋದೂ ಇಲ್ಲ, ಫೋಮ್ ಹಾಳೆ ಮೇಲೆ ಸುಮ್ಮನೆ ತೇಲುತ್ತೆ. ಬೇಕಾದ್ರೆ ಬಿಚ್ಚಿ ತಗೊಂಡು ಹೋಗಬಹುದು. ಮುಳುಗಡೆಯವರಿಗೆ ಹೇಳಿ ಮಾಡಿಸಿದ ನೆಲ ಅಂತ ಜೋಕ್ ಹೊಡೆದೆ. ಅಜ್ಜಿ ನಗಲಿಲ್ಲ.

ತೇಲೋ ನೆಲಕ್ಕೆ ಎರಡು ಷರತ್ತು. ಒಂದು, ಕೆಳಗಿನ ನೆಲ ಸಮ ಇರಬೇಕು, ಎರಡು ಮೀಟರ್ ಉದ್ದಕ್ಕೆ ಸುಮಾರು ಮೂರು ಮಿಲಿಮೀಟರ್ ಏರುಪೇರಿಗಿಂತ ಜಾಸ್ತಿ ಇದ್ರೆ ಕಾಲಿಟ್ಟ ಕಡೆ ಬೋರ್ಡು ಬಗ್ಗಿ ಕ್ಲಿಕ್ ಅಂಚು ಮುರಿಯುತ್ತೆ. ಅಂದ್ರೆ ನೆಲ ಸಮ ಇಲ್ಲ ಅಂತ ಮರ ಹಾಕಕ್ಕಾಗಲ್ಲ, ಮರ ಹಾಕೋ ಮುಂಚೆ ನೆಲ ಸಮ ಮಾಡಲೇಬೇಕು. ಅಪ್ಪ ತಿಳಿದುಕೊಂಡಿದ್ದು ಉಲ್ಟಾ. ಎರಡು, ತೇವ ಇರಬಾರದು.

ಭಾಗ 7

ತೇವ ನೋಡೋಕೆ ಸುಲಭದ ಉಪಾಯ ಇದೆ, ನಿಮ್ಮನೇಲೂ ಮಾಡಿ ನೋಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ನೀರಿನ ಹನಿ ಕಟ್ಟಿದ್ರೆ, ಇಲ್ಲಾ ನೆಲ ಕಪ್ಪಾಗಿದ್ರೆ, ನೆಲದೊಳಗಿಂದ ತೇವ ಏರ್ತಿದೆ ಅಂತ ಅರ್ಥ. ಸಿಮೆಂಟ್ ಕಲ್ಲಿನ ಥರ ಕಂಡ್ರೂ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ ಇರ್ತವೆ, ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಮಣ್ಣಿನ ನೀರು ಮೇಲೆ ಬರುತ್ತೆ.

ಜುಲೈ ಮಳೆಯಲ್ಲೇ ಮೂರು ಕಡೆ ಹಚ್ಚಿದೆ. ಹಾಲಲ್ಲಿ ಮಾರನೇ ದಿನ ಹಾಳೆ ಅಡಿ ಪೂರ್ತಿ ಹನಿ. ಅಡುಗೆಮನೆ ಇನ್ನೂ ಜಾಸ್ತಿ. ಅಜ್ಜಿ ಕೋಣೆಯಲ್ಲಿ ಏನೂ ಇಲ್ಲ. ಎರಡು ದಿನ ಬಿಟ್ಟೆ, ಆಗಲೂ ಇಲ್ಲ.

ಮೇಸ್ತ್ರಿ ಬಂದು ಕೋಣೆ ಮೂಲೆಯಲ್ಲಿ ಸ್ವಲ್ಪ ಒಡೆದು ನೋಡಿದ್ರು. ಕಾಂಕ್ರೀಟ್ ಅಡಿಯಲ್ಲಿ ಪ್ಲಾಸ್ಟಿಕ್! ಅಜ್ಜಿಗೆ ಆಗ ನೆನಪಾಯ್ತು. ಯೂರಿಯಾ ಗೊಬ್ಬರದ ಚೀಲದೊಳಗೆ ಪ್ಲಾಸ್ಟಿಕ್ ಇರುತ್ತಲ್ಲ, ಅದನ್ನೆಲ್ಲ ವರ್ಷಗಟ್ಟಲೆ ಎತ್ತಿಟ್ಟು, ಕತ್ತರಿಸಿ, ಕಾಂಕ್ರೀಟ್ ಹಾಕೋ ಮುಂಚೆ ಅಜ್ಜ ಕೋಣೆ ತುಂಬಾ ಹಾಸಿದ್ರಂತೆ. ಮಳೆಗಾಲದಲ್ಲಿ ಹಾಲು ಬೆವರೋದನ್ನ ಹದಿಮೂರು ವರ್ಷ ನೋಡಿದ್ರಲ್ಲ. ಇಂಜಿನಿಯರುಗಳು ನಕ್ಷೆಯಲ್ಲಿ ಬರೆಯೋ ತೇವ ತಡೆ ಪದರ ಅಂದ್ರೆ ಇದೇ. ನಾಲ್ಕನೇ ಫೋಟೋದಲ್ಲಿ ಹಳದಿ ತಿರುಗಿದ ಅದರ ಅಂಚು ಕಾಣುತ್ತೆ, ಝೂಮ್ ಮಾಡಿ.

ಅಟ್ಟದ ಹಳೇ ಹಲಗೆಗಳನ್ನೇ ಇಳಿಸಿ ಕೋಣೆಗೆ ಹಾಸಿದ್ರೆ ಹೇಗೆ ಅಂತ ನಾನು ತುಂಬಾ ಆಸೆಯಿಂದ ಕೇಳಿದ್ದೆ. ಆಚಾರ್ರು ಅಳೆದು ನೋಡಿ ತಲೆ ಅಲ್ಲಾಡಿಸಿದ್ರು. ಕೆಳಗೆ ಪಟ್ಟಿ ಕೊಟ್ಟು ಮೇಲೆ ಹಲಗೆ ಹೊಡೆದ್ರೆ ಎರಡೂವರೆ ಇಂಚು ಏರುತ್ತೆ. ಮೊದಲೇ ಎತ್ತರ ಇರೋ ಕೋಣೆ ಇನ್ನೂ ಎತ್ತರ. ಹಾಲನ್ನ ಅಷ್ಟು ಎತ್ತರಿಸಿದ್ರೆ ಮುಂಬಾಗಿಲು ತೆರೆಯಲ್ಲ. ಇತಿಹಾಸಕ್ಕಿಂತ ಇಂಚು ದೊಡ್ಡದು ಅಂತ ಒಪ್ಪಿಕೊಂಡೆ.

ಕೊನೆಗೆ ಆಗಿರೋ ತೀರ್ಮಾನ ಇದು. ಹಾಲಿನ ಹಳೇ ರೆಡ್ ಆಕ್ಸೈಡ್ ಒಡೆಯಲ್ಲ, ಹೊಸ ಸಿಮೆಂಟ್ ಹಿಡಿಯೋ ಹಾಗೆ ಉಳಿಯಿಂದ ಕಚ್ಚು ಹಾಕಿ, ಮೇಲೆ ಕಾಂಕ್ರೀಟ್ ಹಾಕಿ ಕೋಣೆ ಮಟ್ಟಕ್ಕೆ ತರೋದು. ಅಲ್ಲಿ ಮರ ಬೇಡ, ತೇವ ಜಾಸ್ತಿ. ಅಡುಗೆಮನೆಯ ವಾಟ ಹಾಗೇ ಇರಲಿ. ಒಣಗಿರೋ ಅಜ್ಜಿ ಕೋಣೆಗೆ ಮಾತ್ರ ಅಪ್ಪನ ಲ್ಯಾಮಿನೇಟ್, ಗೋಡೆ ಸುತ್ತ ಉಬ್ಬೋಕೆ ಹತ್ತು ಮಿಲಿಮೀಟರ್ ಜಾಗ ಬಿಟ್ಟು. ಫೋಮ್ ಸೇರಿ ಅರ್ಧ ಇಂಚೂ ಏರಲ್ಲ, ಹಾಲಿನ ಕಾಂಕ್ರೀಟನ್ನ ಅಷ್ಟು ಮೇಲಕ್ಕೆ ಎಳೆದು ಸರಿ ಮಾಡ್ತೀನಿ ಅಂದಿದ್ದಾರೆ ಮೇಸ್ತ್ರಿ. ಕೆಲಸ ಶುರು ಮಳೆ ನಿಂತು, ದೀಪಾವಳಿ ಕಳೆದ ಮೇಲೆ.

ಬಾಗಿಲಲ್ಲಿ ಎರಡು ನೆಲ ಸೇರೋ ಕಡೆ ಒಂದು ಪಟ್ಟಿ ಬೇಕು, ಕಾಲಿಗೆ ತಾಗದ ಹಾಗೆ ಸಮಕ್ಕೆ ಕೂರಿಸಬೇಕು. ಅದಕ್ಕೆ ಅಟ್ಟದಿಂದ ಒಂದು ಹಲಗೆ ಇಳಿಸ್ತೀವಿ ಅಂತ ಆಚಾರ್ರು ಅಜ್ಜಿಗೆ ಹೇಳಿದ್ರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರು.

"ಯಾವುದಾದ್ರೂ ಒಂದು ಕೀಳಬ್ಯಾಡಿ. ಮೆಟ್ಟಿಲ ಹತ್ರ ಎಡಗಡೆ ಮೂರನೇದು. ಅದು ಆ ಮನೇಲಿ ನಮ್ಮ ಕ್ವಾಣೆ ಮೇಲಿತ್ತು."

ಆಮೇಲೆ, ನಾನೇ ಹತ್ತಿ ತೋರಿಸ್ತೀನಿ ಏಣಿ ಹಿಡ್ಕ ಅಂದ್ರು. ಕೈ ಇನ್ನೂ ಸರಿಯಾಗಿಲ್ಲ, ಬಿಡಲಿಲ್ಲ. ನಾನೇ ಹತ್ತಿ, ಎಡಗಡೆ ಮೂರನೇ ಹಲಗೆಗೆ ಸುಣ್ಣದಲ್ಲಿ ಗುರುತು ಹಾಕಿ ಬಂದೆ. ಐದನೇ ಫೋಟೋ ಅದು.